ವಿಕೆಟ್ ಎಣಿಸುವ ಮೊದಲು ಓವರ್ ಓದಿ

ತೊಗರಿ ರಾಶಿ ಮುಗಿದು ಹೊಲ ಬಯಲಾದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹುಡುಗರು ಬ್ಯಾಟು, ಟೆನಿಸ್ ಬಾಲು ಹಿಡಿದು ಹೊರಬೀಳುತ್ತಾರೆ. ಹೊತ್ತು ಮುಳುಗಿ, ಮೈಯೆಲ್ಲ ಧೂಳಾಗಿ ಮನೆ ಕಡೆ ಬರುವವನನ್ನು ಕಟ್ಟೆಯ ಮೇಲೆ ಕೂತವರು ಕೇಳುವುದು ಒಂದೇ ಮಾತು: "ಎಷ್ಟ್ ವಿಕೆಟ್ ತಗದ್ಯೋ?" "ಮೂರ್ ತಗದೀನ್ರಿ ಕಾಕಾ." ಮೂರು ಅಂದರೆ ಚಲೋ ಬೌಲರ್, ಸೊನ್ನೆ ಅಂದರೆ ಬೌಲಿಂಗ್ ಬರುವುದಿಲ್ಲ. ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

19 ವರ್ಷದೊಳಗಿನವರ ಭಾರತ ತಂಡ ಪ್ರಕಟವಾದಾಗಲೂ ನಾವು ಮಾಡುವುದು ಇದೇ ಲೆಕ್ಕ. ಯಾರು ಎಷ್ಟು ವಿಕೆಟ್ ಪಡೆದಿದ್ದಾರೆ ಎಂದು ನೋಡಿ, ಈ ಸಲ ಬೌಲಿಂಗ್ ಗಟ್ಟಿ ಇದೆ ಅಥವಾ ಇಲ್ಲ ಎಂದು ತೀರ್ಪು ಕೊಡುತ್ತೇವೆ. ಕಿರಿಯರ ಕ್ರಿಕೆಟ್‌ನಲ್ಲಿ ಈ ತೀರ್ಪು ಬಹಳ ಸಲ ತಪ್ಪುತ್ತದೆ. ಬೌಲರ್‌ನನ್ನು ಅಳೆಯುವುದಕ್ಕೆ ಬೇರೆ ಕ್ರಮವಿದೆ. ಅದನ್ನು ಕಲಿಯಲು ಆಯ್ಕೆ ಸಮಿತಿಯಲ್ಲಿ ಇರಬೇಕಾಗಿಲ್ಲ, ಒಂದು ಸ್ಕೋರ್ ಪುಸ್ತಕ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ವಿಕೆಟ್ ಪಟ್ಟಿ ಹೇಳದೇ ಬಿಡುವುದು

2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್ಪನ್ನು ರಾಹುಲ್ ದ್ರಾವಿಡ್ ತರಬೇತಿಯಲ್ಲಿ ಭಾರತ ಗೆದ್ದಿತು. ತಂಡದಲ್ಲಿ ಹೆಚ್ಚು ವಿಕೆಟ್ ಪಡೆದವರು ಎಡಗೈ ಸ್ಪಿನ್ನರ್ ಅನುಕೂಲ್ ರಾಯ್, 14 ವಿಕೆಟ್. ಎಲ್ಲರ ಬಾಯಲ್ಲಿ ಇದ್ದ ವೇಗಿಗಳು ಕಮಲೇಶ್ ನಾಗರಕೋಟಿ ಮತ್ತು ಶಿವಂ ಮಾವಿ. ಅದೇ ತಂಡದ ಎಡಗೈ ವೇಗಿ ಅರ್ಷದೀಪ್ ಸಿಂಗ್‌ಗೆ ಆಡಲು ಸಿಕ್ಕಿದ್ದು ಎರಡೇ ಪಂದ್ಯ. ಮುಂದೆ ಪುರುಷರ ಅಂತರರಾಷ್ಟ್ರೀಯ ಟಿ20ಯಲ್ಲಿ ಭಾರತದ ಪರ ಮೊದಲು 100 ವಿಕೆಟ್ ಮುಟ್ಟಿದವರು ಅದೇ ಅರ್ಷದೀಪ್, 2025ರಲ್ಲಿ.

ಎರಡನೆಯ ಪಾಠ 2020ರ ಫೈನಲ್‌ನದು. ಆ ವಿಶ್ವಕಪ್ ತಂಡದಲ್ಲಿ ಕರ್ನಾಟಕದ ವೇಗಿ ವಿದ್ಯಾಧರ ಪಾಟೀಲ ಮತ್ತು ಸ್ಪಿನ್ನರ್ ಶುಭಾಂಗ್ ಹೆಗ್ಡೆ ಇದ್ದರು, ಫೈನಲ್‌ನ ಹನ್ನೊಂದರಲ್ಲಿ ಇರಲಿಲ್ಲ. ಭಾರತ 177ಕ್ಕೆ ಔಟಾಯಿತು. ರವಿ ಬಿಷ್ಣೋಯ್ 10 ಓವರ್‌ಗಳಲ್ಲಿ 30 ರನ್ ಕೊಟ್ಟು 4 ವಿಕೆಟ್ ಕಿತ್ತು ಬಾಂಗ್ಲಾದೇಶವನ್ನು ನಡುಗಿಸಿದರು. ಆದರೂ ಮಳೆಯಿಂದಾಗಿ 170ಕ್ಕೆ ಇಳಿದ ಗುರಿಯನ್ನು ಅವರು ಮುಟ್ಟಿದರು, ಪಂದ್ಯ ಕೈತಪ್ಪಿತು. ಕಾರಣ ಹುಡುಕಲು ಸ್ಕೋರ್‌ಕಾರ್ಡಿನ ಕೆಳಗಿನ ಸಾಲಿಗೆ ಹೋಗಬೇಕು: ಬಾಂಗ್ಲಾದೇಶದ 170 ರನ್‌ಗಳಲ್ಲಿ 33 ಇತರೆ ರನ್, ಅದರಲ್ಲಿ 19 ವೈಡ್. ಬ್ಯಾಟ್ ತಾಗದೆಯೇ ಬಂದ ರನ್ ಅವು. ವಿಕೆಟ್ ಕಾಲಂ ಮಾತ್ರ ನೋಡಿದವರಿಗೆ ಈ ಸೋಲು ಅರ್ಥವಾಗುವುದೇ ಇಲ್ಲ.

ಸ್ಕೋರ್ ಪುಸ್ತಕ ಓದುವ ಕ್ರಮ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇಬ್ಬರು ಹುಡುಗರು ತಲಾ 6 ಓವರ್ ಹಾಕಿದ್ದಾರೆ. ಮೊದಲನೆಯವನು 38 ರನ್ ಕೊಟ್ಟು 3 ವಿಕೆಟ್ ಪಡೆದ. ಎರಡನೆಯವನು 19 ರನ್ ಕೊಟ್ಟ, ವಿಕೆಟ್ ಇಲ್ಲ. ಕಟ್ಟೆಯ ಮೇಲಿನ ತೀರ್ಪು ಮೊದಲನೆಯವನ ಕಡೆಗೇ.

ಈಗ ಪುಸ್ತಕದ ಚೌಕಗಳ ಒಳಗೆ ನೋಡಿ. ಪ್ರತಿ ಚೌಕ ಒಂದು ಓವರ್. ಚುಕ್ಕಿ ಅಂದರೆ ರನ್ ಬಾರದ ಎಸೆತ. ಮೊದಲನೆಯವನ 36 ಎಸೆತಗಳಲ್ಲಿ ಚುಕ್ಕಿ 14, ಜೊತೆಗೆ 7 ವೈಡ್. ಅವನ ಎರಡು ವಿಕೆಟ್ ಬಂದದ್ದು ಫುಲ್‌ಟಾಸಿಗೆ ಬೀಸಿ ಬೌಂಡರಿ ಬಳಿ ಕ್ಯಾಚಿತ್ತವರಿಂದ, ಮೂರನೆಯದು ಹನ್ನೊಂದನೇ ಆಟಗಾರನದು. ಎರಡನೆಯವನ 36ರಲ್ಲಿ ಚುಕ್ಕಿ 24. ಅಂದರೆ ಮೂರು ಎಸೆತಕ್ಕೆ ಎರಡು ಖಾಲಿ. ಐದು ಸಲ ಚೆಂಡು ಬ್ಯಾಟಿನ ಅಂಚು ಸವರಿಕೊಂಡು ಹೋಯಿತು, ಸ್ಲಿಪ್ಪಿನಲ್ಲಿ ಒಂದು ಕ್ಯಾಚು ನೆಲಕ್ಕೆ ಬಿತ್ತು. ದೊಡ್ಡ ಮಟ್ಟದಲ್ಲಿ ಫುಲ್‌ಟಾಸಿಗೆ ಔಟಾಗುವುದು ಅಪರೂಪ, ಸ್ಲಿಪ್ಪಿನಲ್ಲಿ ಕ್ಯಾಚು ಬಿಡುವುದೂ ಕಡಿಮೆ. ಮೇಲೆ ಹೋದಂತೆ ಮೊದಲನೆಯವನ ಲೆಕ್ಕ ಇಳಿಯುತ್ತದೆ, ಎರಡನೆಯವನದು ಏರುತ್ತದೆ.

ಹಾಗಾಗಿ ಬರೆದಿಡಬೇಕಾದದ್ದು ನಾಲ್ಕು: ಚುಕ್ಕಿ ಎಷ್ಟು, ವೈಡ್ ಮತ್ತು ನೋಬಾಲ್ ಎಷ್ಟು, ಬ್ಯಾಟ್ಸ್‌ಮನ್ ತಡಬಡಾಯಿಸಿದ್ದು ಎಷ್ಟು ಸಲ, ಔಟಾದವರು ಯಾರು ಮತ್ತು ಹೇಗೆ. ಈ ನಾಲ್ಕು ಸಾಲು ಐದಾರು ಪಂದ್ಯಕ್ಕೆ ಸೇರಿದರೆ ಬೌಲರ್ ಯಾರೆಂಬುದು ಕಣ್ಣೆದುರು ನಿಲ್ಲುತ್ತದೆ.

ಚುಕ್ಕಿಗಳ ಬೆಲೆ ಎಷ್ಟೆಂದು ತಿಳಿಯಬೇಕಿದ್ದರೆ ನಮ್ಮ ಗದಗದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹಾಕಿದ ಹತ್ತು ಓವರ್ ನೆನಪಿಸಿಕೊಳ್ಳಿ: 6 ಮೇಡನ್, 6 ರನ್, 5 ವಿಕೆಟ್. ರನ್ ಸಿಗದೆ ಉಸಿರುಗಟ್ಟಿದ ಬ್ಯಾಟ್ಸ್‌ಮನ್ ತಾನಾಗಿಯೇ ತಪ್ಪು ಮಾಡುತ್ತಾನೆ. ವಿಕೆಟ್‌ಗೆ ದಾರಿ ಮಾಡುವುದು ಚುಕ್ಕಿ.

ಐದನೇ ಓವರ್‌ನಲ್ಲಿ ಕಾಣುವುದು

ಪುಸ್ತಕ ಹೇಳದ್ದನ್ನು ಕಣ್ಣು ನೋಡಬೇಕು. ನಿಲ್ಲಬೇಕಾದ ಜಾಗ ಬೌಲರ್‌ನ ಬೆನ್ನ ಹಿಂದೆ, ಅಂಪೈರ್ ನೇರಕ್ಕೆ.

ಮೊದಲು ಕಾಲು ನೋಡಿ. ಓಡಿ ಬಂದು ಊರುವ ಮುಂಗಾಲು ಪ್ರತಿ ಸಲ ಒಂದೇ ಜಾಗಕ್ಕೆ ಬೀಳುತ್ತದೆಯೇ? ಕ್ರೀಸಿನ ಬಳಿ ಮಣ್ಣು ಒಂದೇ ಕಡೆ ಗುಳಿ ಬಿದ್ದಿದ್ದರೆ ಆ ಹುಡುಗನ ಲಯ ಗಟ್ಟಿ. ಹೆಜ್ಜೆ ಗುರುತು ಅಲ್ಲೊಂದು ಇಲ್ಲೊಂದು ಇದ್ದರೆ ವೈಡು, ನೋಬಾಲುಗಳ ಮೂಲ ಅಲ್ಲೇ ಇದೆ.

ಆಮೇಲೆ ಚೆಂಡಿನ ಹೊಲಿಗೆ. ಕೈಬಿಟ್ಟ ಚೆಂಡಿನ ಸೀಮ್ ನೆಟ್ಟಗೆ ನಿಂತು ಹೋಗುತ್ತದೆಯೇ, ಓಲಾಡುತ್ತದೆಯೇ? ನೆಟ್ಟಗಿದ್ದರೆ ಗಾಳಿಯಲ್ಲಿ ಸ್ವಿಂಗ್ ಆಗಬಲ್ಲದು, ನೆಲಕ್ಕೆ ಬಿದ್ದು ತಿರುಗಬಲ್ಲದು. ಸ್ಪಿನ್ನರ್ ಆದರೆ ಚೆಂಡು ಬ್ಯಾಟ್ಸ್‌ಮನ್ನನ ಕಣ್ಣಿನ ಮಟ್ಟಕ್ಕಿಂತ ಮೇಲೇರಿ, ಅವನು ಅಂದುಕೊಂಡದ್ದಕ್ಕಿಂತ ಮೊದಲೇ ಕೆಳಗಿಳಿಯುತ್ತದೆಯೇ ನೋಡಬೇಕು.

ವೇಗಕ್ಕೂ ಬೆಲೆ ಇದೆ. ಗಂಟೆಗೆ 130 ಕಿ.ಮೀ. ವೇಗದ ಎಸೆತ ಒಂದು ಕ್ರೀಸಿನಿಂದ ಇನ್ನೊಂದು ಕ್ರೀಸಿಗೆ ಸುಮಾರು ಅರ್ಧ ಸೆಕೆಂಡಿನಲ್ಲಿ ತಲುಪುತ್ತದೆ. ಆದರೆ ಹದಿನೈದರಲ್ಲೇ ಮೈ ತುಂಬಿಕೊಂಡ ಹುಡುಗ ಸಣಕಲು ಓರಗೆಯವರನ್ನು ಬರೀ ವೇಗದಿಂದ ಹೆದರಿಸಿ ವಿಕೆಟ್ ಕೀಳುತ್ತಾನೆ. ಹತ್ತೊಂಬತ್ತಕ್ಕೆ ಎಲ್ಲರೂ ಅವನಷ್ಟೇ ಬೆಳೆದಾಗ ಆ ಲಾಭ ಕರಗುತ್ತದೆ. ವಯಸ್ಸು ಮುಚ್ಚಿಟ್ಟು ಇಂಥ ಲಾಭ ಪಡೆಯುವುದನ್ನು ತಡೆಯಲೆಂದೇ 16 ವರ್ಷದೊಳಗಿನವರ ಮಟ್ಟದಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಪರೀಕ್ಷಿಸುತ್ತಾರೆ.

ಕೊನೆಯದು ಐದನೇ ಓವರ್. ಮೊದಲ ಓವರ್ ಎಲ್ಲರೂ ಚೆನ್ನಾಗಿ ಹಾಕುತ್ತಾರೆ. ಕಲಬುರಗಿಯ ಬಿಸಿಲಲ್ಲಿ ನಾಲ್ಕು ಓವರ್ ಹಾಕಿ, ಎರಡು ಬೌಂಡರಿ ತಿಂದು, ಮತ್ತೆ ಗುರುತಿಗೆ ಹೋಗಿ ನಿಂತ ಹುಡುಗ ಏನು ಮಾಡುತ್ತಾನೆ? ತಲೆ ಒಂದು ಕಡೆ ವಾಲುತ್ತದೆಯೇ, ತೋಳು ಕೆಳಗಿಳಿಯುತ್ತದೆಯೇ, ಚೆಂಡು ಗಿಡ್ಡ ಬೀಳುತ್ತದೆಯೇ? ಅಥವಾ ಉಸಿರೆಳೆದುಕೊಂಡು ಅದೇ ಜಾಗಕ್ಕೆ ಮತ್ತೆ ಹಾಕುತ್ತಾನೆಯೇ? ದೇಶದ ತಂಡಕ್ಕೆ ಹೋಗುವ ಬೌಲರ್ ಸಿಗುವುದು ಈ ಓವರ್‌ನಲ್ಲಿ.

ಬೆನ್ನು ಉಳಿದರೆ ಬೌಲಿಂಗ್

ಕಿರಿಯರ ತಂಡದ ಭವಿಷ್ಯ ಲೆಕ್ಕ ಹಾಕುವವರು ಬಹಳ ಸಲ ಮರೆಯುವುದು ಬೆನ್ನನ್ನು. ವೇಗಿ ಮುಂಗಾಲು ಊರಿದಾಗ ಅವನ ಮೈಭಾರದ ಹಲವು ಪಟ್ಟು ಒತ್ತಡ ಕಾಲಿನಿಂದ ಸೊಂಟಕ್ಕೆ ಏರುತ್ತದೆ. ಹದಿಹರೆಯದಲ್ಲಿ ಕೆಳಬೆನ್ನಿನ ಮೂಳೆ ಇನ್ನೂ ಪೂರಾ ಬಲಿತಿರುವುದಿಲ್ಲ. ಬಿಡುವಿಲ್ಲದೆ ಹಾಕಿಸಿದರೆ ಅಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. 2018ರ ನಾಗರಕೋಟಿ ಬೆನ್ನಿನ ಇಂಥ ತೊಂದರೆಯಿಂದ ಬಹುಕಾಲ ಆಟದಿಂದ ದೂರವಿರಬೇಕಾಯಿತು. ಕರ್ನಾಟಕದ ಪ್ರಸಿದ್ಧ್ ಕೃಷ್ಣ ಪೂರ್ಣ ಬೆಳೆದ ಮೇಲೂ ಇದೇ ನೋವಿಗೆ 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ಇಂಗ್ಲೆಂಡ್ ಮಂಡಳಿ ವೇಗಿಗಳಿಗೆ ಮಿತಿ ಹಾಕಿದೆ: 13 ವರ್ಷದವರೆಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10, 14–15ರವರಿಗೆ 6 ಮತ್ತು 12, ಅದರ ಮೇಲೆ 19ರವರೆಗೆ 7 ಮತ್ತು 18. ನಮ್ಮ ಊರಿನ ಟೂರ್ನಿಗಳಲ್ಲಿ ಚಲೋ ಹಾಕುವ ಹುಡುಗನೊಬ್ಬ ಒಂದೇ ದಿನ ಮೂರು ಪಂದ್ಯ ಆಡಿ, ಮೂರರಲ್ಲೂ ಮೊದಲ ಓವರ್ ಮತ್ತು ಕೊನೆಯ ಓವರ್ ಹಾಕುತ್ತಾನೆ. ಇಂಗ್ಲೆಂಡಿನ ಆ ಮಿತಿಗಳನ್ನು ಮೈದಾನದ ಗೋಡೆಗೆ ಬರೆದು ಹಾಕಿದರೂ ತಪ್ಪಿಲ್ಲ.

ಟೆನಿಸ್ ಬಾಲಿನ ವಿಷಯವನ್ನೂ ಇಲ್ಲೇ ಹೇಳಬೇಕು. ಅದರ ತೂಕ ಸುಮಾರು 58 ಗ್ರಾಂ. ಪುರುಷರ ಚರ್ಮದ ಚೆಂಡು 156ರಿಂದ 163 ಗ್ರಾಂ, ಹೆಚ್ಚೂಕಡಿಮೆ ಮೂರು ಪಟ್ಟು. ಹಗುರ ಚೆಂಡಿಗೆ ವೇಗ ಕೊಡಲು ಹುಡುಗರು ಮೊಣಕೈ ಮಡಚಿ ಝಾಡಿಸುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ನಿಯಮದ ಪ್ರಕಾರ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಹದಿನೇಳರಲ್ಲಿ ಈ ಚಾಳಿ ಬಿಡಿಸುವುದು ಕಷ್ಟ, ಹನ್ನೆರಡರಲ್ಲಿ ಸುಲಭ.

ಮಣ್ಣು ಗೊತ್ತಿದ್ದರೆ ತಂಡ ಗೊತ್ತಾಗುತ್ತದೆ

ಬೌಲಿಂಗ್ ತಂಡ ಒಳ್ಳೆಯದೇ ಎಂದು ಕೇಳುವ ಮೊದಲು, ಎಲ್ಲಿ ಆಡುತ್ತದೆ ಎಂದು ಕೇಳಬೇಕು. 2025ರ ಫೆಬ್ರುವರಿ 2ರಂದು 19 ವರ್ಷದೊಳಗಿನ ಹುಡುಗಿಯರ ಟಿ20 ವಿಶ್ವಕಪ್ಪನ್ನು ಮಲೇಷ್ಯಾದಲ್ಲಿ ಭಾರತ ಎತ್ತಿಹಿಡಿಯಿತು. ನಾಯಕಿ ನಮ್ಮ ಕರ್ನಾಟಕದ ನಿಕಿ ಪ್ರಸಾದ್. ಆ ತಂಡದಲ್ಲಿ ಎಡಗೈ ಸ್ಪಿನ್ನರ್‌ಗಳು ಮೂವರು: ವೈಷ್ಣವಿ ಶರ್ಮಾ 17 ವಿಕೆಟ್, ಆಯುಷಿ ಶುಕ್ಲಾ 14, ಪಾರುಣಿಕಾ ಸಿಸೋಡಿಯಾ 10. ಒಂದೇ ಬಗೆಯ ಮೂವರು ಯಾಕೆ ಎಂದು ಕಾಗದದ ಮೇಲೆ ಅನ್ನಿಸಬಹುದು. ಅಲ್ಲಿನ ನಿಧಾನ ಪಿಚ್‌ಗಳಲ್ಲಿ ಅದೇ ಸರಿಯಾದ ಆಯ್ಕೆ. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 82ಕ್ಕೆ ಮುಗಿಯಿತು. ಅದಕ್ಕೆ ಎರಡು ವರ್ಷ ಮೊದಲು ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲೆಂಡ್ 68ಕ್ಕೆ ಉರುಳಿದ ಫೈನಲ್‌ನಲ್ಲಿ ದಾರಿ ತೆರೆದದ್ದು ವೇಗಿ ತಿತಾಸ್ ಸಾಧು, 6 ರನ್‌ಗೆ 2 ವಿಕೆಟ್. ನೆಲ ಬದಲಾದರೆ ಅಸ್ತ್ರವೂ ಬದಲಾಗುತ್ತದೆ.

ಮಣ್ಣಿನ ಮಾತು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದರ ಪಿಚ್‌ನಲ್ಲಿ ಚೆಂಡು ನಿಧಾನ, ಪುಟಿತ ಕಡಿಮೆ. ಕೆಂಪು ಮಣ್ಣಿನಲ್ಲಿ ಪುಟಿತ ಹೆಚ್ಚು. 2024ರಲ್ಲಿ ಬೆಂಗಳೂರಿನಲ್ಲಿ ತೆರೆದ ಬಿಸಿಸಿಐ ತರಬೇತಿ ಕೇಂದ್ರದಲ್ಲಿ ಮುಂಬೈಯ ಕೆಂಪು ಮಣ್ಣು, ಮಂಡ್ಯದ ಮಣ್ಣು, ಒಡಿಶಾದ ಕಾಲಾಹಂಡಿಯ ಎರೆ ಮಣ್ಣು ಮೂರರಲ್ಲೂ ಪಿಚ್ ಮಾಡಿರುವುದು ಇದೇ ಕಾರಣಕ್ಕೆ. ಎರೆ ನೆಲದಲ್ಲಿ ಬೆಳೆದ ಬೌಲರ್ ಸ್ಟಂಪಿನ ನೇರಕ್ಕೆ, ತುಸು ಮುಂದೆ ಹಾಕುವುದನ್ನು ಚೆನ್ನಾಗಿ ಕಲಿತಿರುತ್ತಾನೆ. ಕೆಂಪು ಮಣ್ಣಿಗೆ ಹೋದಾಗ ಲೆಂಗ್ತ್ ಒಂದು ಗಜ ಹಿಂದಕ್ಕೆ ಎಳೆಯಬಲ್ಲನೇ ಎಂಬುದು ಅವನ ಮುಂದಿನ ಪರೀಕ್ಷೆ.

ಇಡೀ ತಂಡವನ್ನು ಅಳೆಯುವಾಗ ಕೇಳಬೇಕಾದದ್ದು ಇಷ್ಟು: ಹೊಸ ಚೆಂಡಿಗೆ ಬೇರೆ ಬೇರೆ ಬಗೆಯ ಇಬ್ಬರಿದ್ದಾರೆಯೇ? ನಡುವಿನ ಓವರ್‌ಗಳಲ್ಲಿ ರನ್ ಕಟ್ಟಿಹಾಕುವ ಸ್ಪಿನ್ನರ್ ಯಾರು? ಕೊನೆಯ ಓವರ್‌ಗಳಲ್ಲಿ ಯಾರ್ಕರ್ ಹಾಕುವ ಧೈರ್ಯ ಯಾರಿಗಿದೆ? 50 ಓವರ್ ಪಂದ್ಯದಲ್ಲಿ ಒಬ್ಬರಿಗೆ ಹತ್ತೇ ಓವರ್. ಐವರಲ್ಲಿ ಒಬ್ಬನಿಗೆ ಪೆಟ್ಟು ಬಿದ್ದ ದಿನ ಆರನೆಯವನು ಯಾರು? ಇದಕ್ಕೆಲ್ಲ ಹೆಸರು ಹೇಳಲು ಆದರೆ ತಂಡ ಗಟ್ಟಿ.

ಆಳಂದದಿಂದ ಹೋಗುವ ದಾರಿ

ಕಲಬುರಗಿ ಜಿಲ್ಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರುತ್ತದೆ. ವಲಯದ ತಂಡದಿಂದ ರಾಜ್ಯಕ್ಕೆ. ಅಲ್ಲಿ 16 ವರ್ಷದೊಳಗಿನವರಿಗೆ ವಿಜಯ್ ಮರ್ಚಂಟ್ ಟ್ರೋಫಿ, 19ರೊಳಗಿನ ಹುಡುಗರಿಗೆ ಒಂದು ದಿನದ ವಿನೂ ಮಂಕಡ್ ಮತ್ತು ನಾಲ್ಕು ದಿನದ ಕೂಚ್ ಬೆಹಾರ್. ಅಲ್ಲಿಂದ ದೇಶದ ತಂಡ. ಒಬ್ಬ ಆಟಗಾರ ಒಂದೇ 19 ವರ್ಷದೊಳಗಿನವರ ವಿಶ್ವಕಪ್ ಆಡಬೇಕೆಂದು ಬಿಸಿಸಿಐ 2016ರಲ್ಲಿ ನಿಯಮ ಮಾಡಿದ್ದರಿಂದ ಪ್ರತಿ ಸಲ ಹೊಸ ಬೌಲರ್‌ಗಳಿಗೆ ಬಾಗಿಲು ತೆರೆದಿರುತ್ತದೆ.

2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕರ್ನಾಟಕ ಮೊದಲ ಬಾರಿ ಕೂಚ್ ಬೆಹಾರ್ ಗೆದ್ದಾಗ ಎಲ್ಲರ ನೆನಪಿನಲ್ಲಿ ಉಳಿದದ್ದು ಪ್ರಖರ್ ಚತುರ್ವೇದಿಯ ಅಜೇಯ 404. ಆದರೆ ಮುಂಬೈಯನ್ನು ಮೊದಲು 380ಕ್ಕೆ ನಿಲ್ಲಿಸಿದವರು ಬೌಲರ್‌ಗಳು. ಆ ತಂಡದ ಹಾರ್ದಿಕ್ ರಾಜ್, ಸಮರ್ಥ್ ನಾಗರಾಜ್ ಅದೇ ವರ್ಷ 19 ವರ್ಷದೊಳಗಿನವರ ಭಾರತ ತಂಡಕ್ಕೆ ಆಯ್ಕೆಯಾದರು.

ದೂರದ ಊರಿನವರಿಗೆ ಈ ದಾರಿ ಉದ್ದ. ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಗದಗದಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ತಿರುಗಿ ಬರುತ್ತಿದ್ದರು. ಆಯ್ಕೆ ಶಿಬಿರದಲ್ಲಿ ಒಬ್ಬ ಹುಡುಗನಿಗೆ ಸಿಗುವುದು ಕೆಲವೇ ಎಸೆತ. ಅಂದು ಲಯ ಕೈಕೊಟ್ಟರೆ ಅವನ ಪರವಾಗಿ ಮಾತಾಡುವುದಕ್ಕೆ ಏನಾದರೂ ಇರಬೇಕು.

ಶಾಲೆಯ ದೈಹಿಕ ಶಿಕ್ಷಕರು, ಊರಿನ ಕ್ಲಬ್ಬಿನವರು, ಮನೆಯವರು ಮಾಡಬಹುದಾದ ಕೆಲಸ ಇದು. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಪಂದ್ಯಕ್ಕೆ ಒಂದು ಪುಟ: ತಾರೀಖು, ಪಿಚ್ ಎಂಥದು, ಚೆಂಡು ಯಾವುದು, ಓವರ್, ಚುಕ್ಕಿ, ವೈಡ್, ತಡಬಡಾಯಿಸಿದ ಎಸೆತ, ಔಟಾದ ಬಗೆ, ಐದನೇ ಓವರ್ ಹೇಗಿತ್ತು, ಮರುದಿನ ಬೆನ್ನು ನೋಯಿತೇ. ಎರಡು ವರ್ಷ ಬರೆದರೆ ಆ ಹುಡುಗ ಅಥವಾ ಹುಡುಗಿ ರಾಯಚೂರಿಗೆ ಹೋಗುವಾಗ ಕೈಯಲ್ಲಿ ತನ್ನ ಬೌಲಿಂಗಿನ ಪೂರಾ ಲೆಕ್ಕವಿರುತ್ತದೆ. ಮೊದಲ ಪುಟಕ್ಕೆ ಈ ಭಾನುವಾರದ ಪಂದ್ಯವೇ ಸಾಕು.