ದೋಣಿವಿಹಾರವೂ ಮೈಗೊಪ್ಪುವ ಜೀವರಕ್ಷಕ ಕವಚವೂ

ನಮ್ಮ ಬೀದರ ಜಿಲ್ಲೆ ಕೆಂಪು ಕಲ್ಲಿನ ನಾಡು. ಮಾಂಜ್ರಾ ಮತ್ತು ಅದನ್ನು ಕೂಡಿಕೊಳ್ಳುವ ಕಾರಂಜಾ, ಇವೇ ನಮಗೆ ಗಂಗೆ ಯಮುನೆಗಳು. ಹಿಂದಿನವರು ನೌಬಾದಿನ ಬಳಿ ನೆಲದೊಳಗೆ ಸುರಂಗ ಕೊರೆದು ನೀರನ್ನು ಹರಿಸಿ ತಂದರೆಂದ ಮೇಲೆ, ಇಲ್ಲಿ ನೀರಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೇವರ ದರ್ಶನಕ್ಕೆ ಹೋಗುವ ವಾಡಿಕೆಯುಂಟು. ನಮ್ಮಲ್ಲಿ ಅನೇಕರು ಕಂಡ ಆಳವಾದ ನೀರೆಂದರೆ ಅಷ್ಟೆ.

ಇಂಥ ಊರುಗಳವರಿಗೆ ದೋಣಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆದರೆ ರಜೆ ಬಂದರೆ ನಾವು ಮನೆಮಂದಿಯೆಲ್ಲ ಕೂಡಿ ಹೈದರಾಬಾದಿನ ಹುಸೇನಸಾಗರಕ್ಕೆ, ಗೋಕರ್ಣಕ್ಕೆ, ಕಾರವಾರಕ್ಕೆ ಹೋಗುವುದುಂಟು; ಅಲ್ಲಿ ದೋಣಿ ಕಂಡರೆ ಹತ್ತುವುದೂ ಉಂಟು. ಕಡಲತೀರದ ಮಗುವಿಗೆ ನೀರು ಒಡನಾಡಿ. ನಮಗೋ ಅದು ಅಪರೂಪದ ನೆಂಟ. ಆದುದರಿಂದ ಅವರಿಗಿಂತ ನಮಗೇ ಈ ವಿಷಯದ ತಿಳುವಳಿಕೆ ಹೆಚ್ಚು ಬೇಕು.

ಕೆಲವು ವರ್ಷಗಳ ಹಿಂದೆ ಭಾತಂಬ್ರಾದಿಂದ ನಮ್ಮ ಮನೆಯವರು ಪರವೂರಿನ ಕೆರೆಯೊಂದಕ್ಕೆ ಹೋಗಿದ್ದೆವು. ದೋಣಿಯವರು ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಎಲ್ಲವೂ ಒಂದೇ ಅಳತೆಯವು. ಐದು ವರ್ಷದ ಅಣ್ಣನ ಮಗಳಿಗೆ ಅದು ಮೊಣಕಾಲವರೆಗೆ ಬಂತು. "ಏನೂ ಆಗಂಗಿಲ್ರಿ ಅಕ್ಕೋರ, ತೊಡಿಸ್ರಿ" ಎಂದು ದೋಣಿಯವನು ವೈನಿಗೆ ಧೈರ್ಯ ಹೇಳಿದ. ಅಷ್ಟರಲ್ಲಿ ನಮ್ಮ ಕಾಕಾ ಆಟಕ್ಕೆಂದು ಜಾಕೆಟ್ಟಿನ ಎರಡೂ ಭುಜಗಳನ್ನು ಹಿಡಿದು ಮಗುವನ್ನು ಮೇಲೆತ್ತಿದರು. ಜಾಕೆಟ್ಟು ಮೇಲೆ ಬಂತು. ಮಗು ಮಾತ್ರ ತೋಳೆರಡನ್ನೂ ಮೇಲೆ ಮಾಡಿ, ಅದರೊಳಗಿಂದ ಜಾರಿ ನೆಲದ ಮೇಲೆ ಕುಳಿತುಬಿಟ್ಟಿತು. ಎಲ್ಲರೂ ನಕ್ಕೆವು. ಅವ್ವ ಒಬ್ಬಳೇ ನಗಲಿಲ್ಲ. "ಇದು ನೀರಾಗ ಆಗಿದ್ರ?" ಎಂದಳು. ಆ ದಿನ ನಾವು ದೋಣಿ ಹತ್ತಲಿಲ್ಲ. ದಂಡೆಯ ಮೇಲೆ ಕುಳಿತು ಬುತ್ತಿ ಉಂಡು ಬಂದೆವು. ಅವ್ವನ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದುದರ ಫಲವೇ ಈ ಲೇಖನ.

ಬರಿದಾದ ಕೊಡವನ್ನು ಬಾವಿಯ ನೀರಿನಲ್ಲಿ ಕೆಳಕ್ಕೆ ಒತ್ತಿ ನೋಡಿದವರಿಗೆ ಆರ್ಕಿಮಿಡೀಸನ ತತ್ತ್ವವನ್ನು ಬೇರೆ ಕಲಿಸಬೇಕಾಗಿಲ್ಲ. ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲದಿಂದ ಕೊಡವು ಮೇಲಕ್ಕೆ ನೂಕಲ್ಪಡುತ್ತದೆ. ಮನುಷ್ಯನ ಶರೀರದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ, ಪೂರ್ತಿ ಮುಳುಗಿದಾಗ ನೀರಿನಲ್ಲಿ ನಮಗೆ ತೂಕವೇ ಇಲ್ಲವೆನ್ನಬಹುದು. ಆದರೆ ಉಸಿರಾಡಲು ತಲೆ ಹೊರಗಿರಬೇಕಷ್ಟೆ. ಹೊರಗೆ ಬಂದ ತಲೆಯ ಭಾರವನ್ನು ನೀರು ಹೊರುವುದಿಲ್ಲ. ಆ ಭಾರವನ್ನು ಹೊರಲು ದೊಡ್ಡವರಿಗೆ ಸುಮಾರು 3ರಿಂದ 5 ಕಿಲೋಗಳಷ್ಟು ಹೆಚ್ಚಿನ ತೇಲುವ ಶಕ್ತಿ ಸಾಕು. ಜೀವರಕ್ಷಕ ಕವಚವು ಒದಗಿಸುವುದು ಇದನ್ನೇ.

ಇಲ್ಲಿ ಒಂದು ಸೂಕ್ಷ್ಮವುಂಟು. ನೀರು ಮೇಲಕ್ಕೆ ನೂಕುವುದು ಕವಚವನ್ನು, ನಮ್ಮನ್ನಲ್ಲ. ಕೈಜಾರಿದ ಬರಿಕೊಡ ತಾನೊಂದೇ ಮೇಲೆ ಬರುವಂತೆ, ಸಡಿಲವಾದ ಕವಚವೂ ತಾನೊಂದೇ ಮೇಲೇರುತ್ತದೆ. ತೊಟ್ಟವನು ಕೆಳಗೆ ಉಳಿಯುತ್ತಾನೆ, ಇಲ್ಲವೆ ಕವಚವೇ ಕಿವಿಯವರೆಗೆ ಏರಿ ಬಾಯಿ ಮೂಗುಗಳನ್ನು ಮುಚ್ಚುತ್ತದೆ. ಕವಚದ ಬಲವನ್ನು ಮೈಗೆ ಮುಟ್ಟಿಸುವುದು ಅದರ ಪಟ್ಟಿಗಳು. ಆದುದರಿಂದ ಒಳ್ಳೆಯ ಕವಚ ಎಂಬುದಕ್ಕಿಂತ ಮೈಗೊಪ್ಪುವ ಕವಚ ಎಂಬುದೇ ಮುಖ್ಯವಾದ ಮಾತು.

ಈ ಸಾಧನದ ಇತಿಹಾಸವೂ ಸ್ವಾರಸ್ಯವಾದುದು. ನಮ್ಮ ಹಳ್ಳಿಗಳಲ್ಲಿ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಇದೇ ಉಪಾಯದಿಂದ 1854ರಲ್ಲಿ ಇಂಗ್ಲೆಂಡಿನ ಜೀವರಕ್ಷಕ ದೋಣಿ ಸಂಸ್ಥೆಯ ಕ್ಯಾಪ್ಟನ್ ವಾರ್ಡ್ ಎಂಬವರು ಕಾರ್ಕ್ ಬೆಂಡಿನ ತುಂಡುಗಳನ್ನು ಹೊಲಿದು ಒಂದು ಕವಚವನ್ನು ಸಿದ್ಧಪಡಿಸಿದರು. 1861ರ ಫೆಬ್ರುವರಿ 9ರಂದು ವಿಟ್ಬಿ ಎಂಬ ಊರಿನ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕು ಜೀವರಕ್ಷಕ ದೋಣಿಯೇ ಮಗುಚಿತು. ಅದರಲ್ಲಿದ್ದ 13 ಮಂದಿಯಲ್ಲಿ 12 ಮಂದಿ ಮಡಿದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಕಾರ್ಕ್ ಕವಚವನ್ನು ಆತನು ತೊಟ್ಟಿದ್ದನು. ಮುಂದೆ ಕಾರ್ಕಿನ ಸ್ಥಳಕ್ಕೆ ಬೂರುಗದ ಹತ್ತಿ ಬಂತು. ಈಗ ಹಗುರವಾದ ಫೋಮ್ ಬಂದಿದೆ.

ಇನ್ನು ಆರಿಸುವ ಕ್ರಮ. ಹೊಸ ಕವಚಗಳ ಒಳಚೀಟಿಯಲ್ಲಿ 50, 100, 150 ಎಂಬ ಅಂಕೆಗಳಿರುತ್ತವೆ. ಇವು ನ್ಯೂಟನ್ ಎಂಬ ಮಾನದಲ್ಲಿ ಹೇಳಿದ ತೇಲುಶಕ್ತಿ. 10 ನ್ಯೂಟನ್ ಎಂದರೆ ಸುಮಾರು 1 ಕಿಲೋ ಎಂದು ತಿಳಿಯಬಹುದು. 50ರದು ಈಜು ಬಲ್ಲವರಿಗೆ, ದಂಡೆಯ ಸಮೀಪದಲ್ಲಿ ಮಾತ್ರ. ಈಜು ಬಾರದವರು ಕೆರೆಯಂಥ ಶಾಂತವಾದ ನೀರಿನಲ್ಲಿಯೂ 100ಕ್ಕೆ ಕಡಿಮೆಯಿಲ್ಲದುದನ್ನು ತೊಡುವುದು ಲೇಸು. ಈ ಅಂಕೆಗಳು ದೊಡ್ಡವರ ಲೆಕ್ಕ. ದೊಡ್ಡವರಿಗೆ ಎದೆಯ ಸುತ್ತಳತೆಯನ್ನೂ, ಮಕ್ಕಳಿಗೆ ದೇಹದ ತೂಕವನ್ನೂ ನೋಡಿ ಅಳತೆಯನ್ನು ನಿರ್ಧರಿಸಬೇಕು. ಅಮೆರಿಕದ ವಾಡಿಕೆಯಲ್ಲಿ ಸುಮಾರು 14ರಿಂದ 23 ಕಿಲೋ ತೂಕದ ಮಕ್ಕಳಿಗೆ ಒಂದು ಅಳತೆ, 23ರಿಂದ 41 ಕಿಲೋವರೆಗೆ ಇನ್ನೊಂದು, ಅದಕ್ಕೂ ಮೇಲಿನವರಿಗೆ ದೊಡ್ಡವರದು.

ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಅಂಗಿ ಹೊಲಿಸುವಾಗ "ಬೆಳೆಯೋ ಹುಡುಗ, ತುಸು ದೊಡ್ಡದೇ ಇರಲಿ" ಎಂದು ದರ್ಜಿಗೆ ಹೇಳುವುದು ರೂಢಿ. ಅಂಗಿಯ ಮಟ್ಟಿಗೆ ಅದು ಜಾಣತನವೇ ಸರಿ. ಕವಚದ ಮಟ್ಟಿಗೆ ಅದೇ ಮಾತು ಪ್ರಾಣಕ್ಕೆ ಎರವಾಗುತ್ತದೆ. ಇಂದಿನ ಮಗುವಿಗೆ ಇಂದಿನ ಅಳತೆಯೇ ಬೇಕು; ಮುಂದಿನ ವರ್ಷದ್ದಲ್ಲ.

ಪರೀಕ್ಷೆ ಬಹು ಸುಲಭ. ಕವಚವನ್ನು ತೊಟ್ಟು ಎಲ್ಲ ಗುಂಡಿ, ಜಿಪ್ಪು, ಪಟ್ಟಿಗಳನ್ನು ಬಿಗಿಯಬೇಕು. ಬಳಿಕ ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿ ನಿಲ್ಲಬೇಕು. ಇನ್ನೊಬ್ಬರು ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಬೇಕು. ಕವಚವು ಗದ್ದವನ್ನು ದಾಟಿ ಮೇಲೆ ಬಂದರೆ ಅದು ದೊಡ್ಡದು. ಪಟ್ಟಿಗಳನ್ನು ಪೂರ್ತಿ ಸಡಿಲಿಸಿದರೂ ಗುಂಡಿ ಕೂಡದಿದ್ದರೆ, ಅಥವಾ ಉಸಿರು ಕಟ್ಟುವಂತಿದ್ದರೆ ಅದು ಚಿಕ್ಕದು. ಮಗುವನ್ನಾದರೆ ನಮ್ಮ ಕಾಕಾ ಮಾಡಿದಂತೆ ಭುಜ ಹಿಡಿದು ತುಸುವೇ ಎತ್ತಬೇಕು. ಗದ್ದವೂ ಕಿವಿಗಳೂ ಒಳಗೆ ಜಾರಬಾರದು. ಚಿಕ್ಕ ಮಕ್ಕಳ ಕವಚಕ್ಕೆ ಮತ್ತೆ ಮೂರು ಅಂಗಗಳಿರಬೇಕು: ತೊಡೆಗಳ ನಡುವೆ ಹಾದು ಬಿಗಿಯುವ ಪಟ್ಟಿ, ತಲೆಗೆ ಆಸರೆಯಾಗುವ ಕೊರಳಪಟ್ಟಿ, ನೀರಿನಿಂದ ಹಿಡಿದೆತ್ತಲು ಒಂದು ಹಿಡಿಕೆ. ಗಾಳಿ ತುಂಬಿ ಉಬ್ಬುವ ಕವಚಗಳು ಮಕ್ಕಳಿಗೆ ಸಲ್ಲವು.

ನಮ್ಮ ಹೆಣ್ಣುಮಕ್ಕಳು ಉಡುಪಿನ ವಿಷಯದಲ್ಲಿ ಒಂದಿಷ್ಟು ಎಚ್ಚರ ವಹಿಸಬೇಕು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಕವಚವನ್ನು ಎಲ್ಲಕ್ಕೂ ಹೊರಗೆ ತೊಡಬೇಕು. ಹೊರಗೆ ಇಳಿಬಿಟ್ಟ ಸೆರಗು ನೀರಿನಲ್ಲಿ ಕೈಕಾಲುಗಳಿಗೆ ಸುತ್ತಿಕೊಳ್ಳುತ್ತದೆ. ಪಟ್ಟಿಯ ಕೆಳಗೆ ಮುದ್ದೆಯಾದ ಬಟ್ಟೆ ಒದ್ದೆಯಾಗಿ ಸರಿದರೆ ಬಿಗಿ ಸಡಿಲಾಗುತ್ತದೆ. ಗಂಡಸರ ಧೋತರಕ್ಕೂ ಶಾಲಿಗೂ ಇದೇ ಮಾತು.

ಕವಚದ ಆರೋಗ್ಯವನ್ನೂ ನೋಡಬೇಕು. ಬಟ್ಟೆ ಹರಿದಿದೆಯೇ, ಹೊಲಿಗೆ ಬಿಟ್ಟಿದೆಯೇ, ಬಕ್ಕಲು ಮುರಿದಿದೆಯೇ, ಒಳಗಿನ ಫೋಮ್ ಗಟ್ಟಿಯಾಗಿದೆಯೇ ಎಂದು ಕೈಯಾಡಿಸಿ ಪರೀಕ್ಷಿಸಬೇಕು. ಆಸನದ ಮೇಲೆ ಹಾಸಿ ಅದರ ಮೇಲೆ ಕೂರುವುದು ತಪ್ಪು. ಅದುಮಿದಂತೆ ಫೋಮಿನ ತೇಲುಶಕ್ತಿ ಕುಗ್ಗುತ್ತದೆ. ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿನಲ್ಲಲ್ಲ.

ಕವಚವು ಬಳಿಯಲ್ಲಿದ್ದರೆ ಸಾಕು, ಬೇಕಾದಾಗ ತೊಟ್ಟರಾಯಿತು ಎಂಬ ಭಾವನೆ ಹಲವರಲ್ಲಿದೆ. ದೋಣಿ ಮಗುಚುವಾಗ ಅಷ್ಟು ಬಿಡುವು ಸಿಗುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಪ್ರವಾಸಕ್ಕೆ ಬಂದಿದ್ದ 12 ಶಾಲಾಮಕ್ಕಳೂ ಇಬ್ಬರು ಶಿಕ್ಷಕಿಯರೂ ನೀರುಪಾಲಾದರು. ಮಕ್ಕಳಲ್ಲಿ ಹಲವರಿಗೆ ಲೈಫ್ ಜಾಕೆಟ್ ತೊಡಿಸಿರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಇವರೆಲ್ಲ ನಮ್ಮಂತೆಯೇ ಒಂದು ದಿನದ ಸಂತೋಷಕ್ಕಾಗಿ ಹೋದವರು.

ಆದುದರಿಂದ ದೋಣಿಯನ್ನು ಹತ್ತುವ ಮೊದಲೇ, ನೆಲದ ಮೇಲೆ ನಿಂತಿರುವಾಗಲೇ, ಮನೆಯ ಪ್ರತಿಯೊಬ್ಬರೂ ಕವಚವನ್ನು ತೊಟ್ಟು ಕೈಯೆತ್ತಿ ನೋಡಲಿ. ಇದಕ್ಕೆ ಐದು ನಿಮಿಷವೂ ಬೇಡ. ಮಗುವಿನ ಅಳತೆಯದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಅದು ಇಲ್ಲವೆಂದರೆ ಹಗ್ಗ, ಓಢಣಿಗಳಿಂದ ಬಿಗಿದು ಸಮಾಧಾನಪಟ್ಟುಕೊಳ್ಳದೆ, ದಂಡೆಯ ಮೇಲೆಯೇ ಕುಳಿತು ಬುತ್ತಿ ಬಿಚ್ಚಿದರಾಯಿತು. ಅಂದು ನಾವು ಹಾಗೆ ಮಾಡಿದೆವು. ಆ ಹುಡುಗಿ ಆಗ ತುಸು ಅತ್ತಳು; ಈಗ ಶಾಲೆಗೆ ಹೋಗುತ್ತಿದ್ದಾಳೆ, ಊರ ಬಾವಿಯಲ್ಲಿ ಈಜನ್ನೂ ಕಲಿಯುತ್ತಿದ್ದಾಳೆ.