ಐರ್ಲೆಂಡಿನ ಕಾರ್ಕ್: ಮಕ್ಕಳು, ಹಿರಿಯರ ಜೊತೆ ಎಲ್ಲಿಗೆ ಹೋಗಬಹುದು, ಎಂತ ತಿನ್ನಬಹುದು?

ಮೊದಲು ನಮ್ಮ ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆ ವಿದೇಶ ಅಂದರೆ ಗಲ್ಫ್ ಮಾತ್ರ. ಈಗ ನರ್ಸಿಂಗ್ ಕಲಿತವರು, ಮಾಸ್ಟರ್ಸ್ ಮಾಡಲು ಹೊರಟವರು ಐರ್ಲೆಂಡಿನ ಹೆಸರನ್ನೂ ಹೇಳುತ್ತಾರೆ. ನನ್ನ ತಂಗಿಯ ಸಂಸಾರ ಇರುವುದು ಅಲ್ಲಿನ ಕಾರ್ಕ್ ನಗರದಲ್ಲಿ. ಭಾವನಿಗೆ ಆಸ್ಪತ್ರೆಯಲ್ಲಿ ಕೆಲಸ. ಕಳೆದ ವರ್ಷ ಉಮ್ಮ ಮೂರು ತಿಂಗಳಿಗೆಂದು ಅಲ್ಲಿಗೆ ಹೋಗಿದ್ದರು. ಫೋನ್ ಮಾಡಿದಾಗೆಲ್ಲ "ಸುಖ ಉಂಟು ಮೋನೆ" ಎನ್ನುತ್ತಿದ್ದರು. ಜೂನ್‌ನಲ್ಲಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಅವರನ್ನು ಕರೆತರಲು ನಾನು ಹೋದಾಗಲೇ ನಿಜ ಸಂಗತಿ ಗೊತ್ತಾದದ್ದು. ಹತ್ತು ವಾರಗಳಲ್ಲಿ ಉಮ್ಮ ಮನೆಯಿಂದ ಹೊರಗೆ ಹೋದದ್ದು ಎರಡೇ ಕಡೆಗೆ: ಸೂಪರ್ ಮಾರ್ಕೆಟ್, ಮತ್ತೆ ಮೊಮ್ಮಗನ ಶಾಲೆಯ ಗೇಟು.

ಯಾಕೆ ಎಂದು ಕೇಳಿದರೆ ತಂಗಿ ಹೇಳಿದ್ದು ಎರಡು ಕಾರಣ. ಹೊರಗೆ ಹೋದರೆ ನಮಗೆ ತಿನ್ನಲು ಎಂತದೂ ಸಿಗುವುದಿಲ್ಲ. ಮತ್ತೆ, ಕಾಲು ಹೊರಗಿಟ್ಟರೆ ಯೂರೋ ಖರ್ಚು. ಒಂದು ಯೂರೋ ಅಂದರೆ ಹೆಚ್ಚುಕಡಿಮೆ ನೂರು ರೂಪಾಯಿ, ಉಮ್ಮ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ ನೋಡುವವರು. ಅಲ್ಲಿ ಮೂರು ವಾರ ಇದ್ದು ನೋಡಿದ ಮೇಲೆ ಹೇಳುತ್ತೇನೆ, ಎರಡೂ ಅರ್ಧ ಮಾತ್ರ ಸತ್ಯ. ಅಲ್ಲಿಗೆ ಹೋಗುವವರಿಗೆ, ತಂದೆತಾಯಿಯನ್ನು ಕರೆಸಿಕೊಳ್ಳುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರಿನ ಪರಿಚಯ. ಡಬ್ಲಿನ್ ಬಿಟ್ಟರೆ ಆ ದೇಶದ ದೊಡ್ಡ ನಗರ ಕಾರ್ಕ್. ಡಬ್ಲಿನ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ. ಲೀ ಎಂಬ ನದಿ ಎರಡು ಕವಲಾಗಿ ಹರಿಯುತ್ತದೆ, ನಡುವಿನ ದ್ವೀಪದ ಮೇಲೆ ಪೇಟೆ. ಐರಿಶ್ ಭಾಷೆಯಲ್ಲಿ ಊರಿನ ಹೆಸರಿಗೆ ಜೌಗು ನೆಲ ಎಂದೇ ಅರ್ಥ. ಈಗ ದೊಡ್ಡ ದೊಡ್ಡ ಅಂಗಡಿಗಳಿರುವ ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್ ಕೂಡ ಒಂದು ಕಾಲದಲ್ಲಿ ನೀರಿನ ಕಾಲುವೆಯೇ, ಅದನ್ನು ಮುಚ್ಚಿ ರಸ್ತೆ ಮಾಡಿದ್ದು. ಪೇಟೆ ಚಿಕ್ಕದು. ಹಿರಿಯರನ್ನು ಕರೆದುಕೊಂಡು ನಿಧಾನಕ್ಕೆ ನಡೆದೇ ಸುತ್ತಬಹುದು.

ಖರ್ಚೇ ಇಲ್ಲದ ಜಾಗದಿಂದ ಶುರು ಮಾಡುತ್ತೇನೆ. ಪೇಟೆಯಿಂದ ಪಶ್ಚಿಮಕ್ಕೆ, ನದಿಯ ದಡದಲ್ಲಿ ಫಿಟ್ಜ್‌ಜೆರಾಲ್ಡ್ ಪಾರ್ಕ್ ಉಂಟು. 1902ರಲ್ಲಿ ಅಲ್ಲಿ ದೊಡ್ಡ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆದಿತ್ತು, ಆ ಜಾಗವೇ ಈಗ ಪಾರ್ಕ್. ಮಕ್ಕಳಿಗೆ ಆಟದ ಜಾಗ, ಒಳಗೊಂದು ಮ್ಯೂಸಿಯಂ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಪಕ್ಕದಲ್ಲೇ 1927ರ ತೂಗುಸೇತುವೆ. ಹೆಸರು ಡೇಲಿಸ್ ಬ್ರಿಡ್ಜ್, ಊರವರ ಬಾಯಲ್ಲಿ ಶೇಕಿ ಬ್ರಿಡ್ಜ್, ಅಂದರೆ ಅಲುಗಾಡುವ ಸೇತುವೆ. ಮಕ್ಕಳು ಅದರ ಮೇಲೆ ಬೇಕೆಂದೇ ಕುಣಿಯುತ್ತಾರೆ. ನನ್ನ ಅಳಿಯ ಅಲ್ಲಿಂದ ಇಳಿಯಲು ಒಪ್ಪಲಿಲ್ಲ. ಉಮ್ಮ ಮಾತ್ರ ಅದನ್ನು ದಾಟದೆ ಈಚೆ ದಡದ ಬೆಂಚಿನಲ್ಲೇ ಕೂತರು. ಜೂನ್‌ನಲ್ಲಿ ಅಲ್ಲಿ ಮಗ್‌ರಿಬ್ ಆಗುವುದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ. ಹಾಗಾಗಿ ಭಾವ ಕೆಲಸ ಮುಗಿಸಿ ಬಂದ ಮೇಲೂ ನಾಲ್ಕು ಗಂಟೆ ಹಗಲು ಬಾಕಿ ಇರುತ್ತದೆ. ಡಿಸೆಂಬರ್‌ನಲ್ಲಿ ಇದು ಪೂರ್ತಿ ತಲೆಕೆಳಗು, ಸಂಜೆ ನಾಲ್ಕೂವರೆಗೇ ಕತ್ತಲೆ. ತಂದೆತಾಯಿಯನ್ನು ಕರೆಸುವುದಾದರೆ ಮೇ ತಿಂಗಳಿಂದ ಆಗಸ್ಟ್ ಒಳಗೆ ಕರೆಸಿ. ಆದರೂ ಮಳೆಯ ಜಾಕೆಟ್ ಇಲ್ಲದೆ ಹೊರಡಬೇಡಿ, ಅಲ್ಲಿನ ಮಳೆಗೆ ತಿಂಗಳ ಲೆಕ್ಕ ಇಲ್ಲ.

ನದಿಯ ಉತ್ತರದ ಗುಡ್ಡದ ಮೇಲೆ ಶ್ಯಾಂಡನ್‌ನ ಸೇಂಟ್ ಆ್ಯನ್ಸ್ ಚರ್ಚು, 1722ರದ್ದು. ಅದರ ಗೋಪುರದಲ್ಲಿ ಎಂಟು ಗಂಟೆಗಳು, ಟಿಕೆಟ್ ತೆಗೆದುಕೊಂಡವರು ಹಗ್ಗ ಎಳೆದು ತಾವೇ ಬಾರಿಸಬಹುದು. ಯಾವ ಹಾಡಿಗೆ ಯಾವ ಹಗ್ಗ ಎಂದು ನಂಬರ್ ಬರೆದ ಕಾರ್ಡು ಕೊಡುತ್ತಾರೆ. ಹತ್ತು ವರ್ಷದ ಮಗುವಿಗೆ ಇಡೀ ಊರು ಕೇಳುವ ಹಾಗೆ ಶಬ್ದ ಮಾಡಲು ಪರ್ಮಿಶನ್ ಬೇರೆಲ್ಲಿ ಸಿಗುತ್ತದೆ? ಮೇಲಕ್ಕೆ 132 ಮೆಟ್ಟಿಲು, ದಾರಿ ಇಕ್ಕಟ್ಟು. ಮಂಡಿನೋವು ಇದ್ದವರು ಕೆಳಗೇ ಇರುವುದು ಒಳ್ಳೆಯದು. ಗೋಪುರದ ನಾಲ್ಕೂ ಕಡೆ ಗಡಿಯಾರ ಉಂಟು, ನಾಲ್ಕೂ ಒಂದೇ ಸಮಯ ತೋರಿಸುವುದಿಲ್ಲ ಎಂದು ಊರವರು ಅದಕ್ಕೆ ನಾಲ್ಕು ಮುಖದ ಸುಳ್ಳುಗಾರ ಎಂದು ಹೆಸರಿಟ್ಟಿದ್ದಾರೆ.

ಬ್ಲಾರ್ನಿ ಕೋಟೆಗೂ ಎಲ್ಲರೂ ಹೋಗುತ್ತಾರೆ. ಅಲ್ಲಿನ ಕಲ್ಲಿಗೆ ಮುತ್ತು ಕೊಟ್ಟರೆ ಮಾತುಗಾರಿಕೆ ಬರುತ್ತದೆಯಂತೆ. ಅಂಗಾತ ಮಲಗಿ, ತಲೆಯನ್ನು ಹಿಂದಕ್ಕೆ ಇಳಿಬಿಟ್ಟು ಮುತ್ತು ಕೊಡಬೇಕು. ವ್ಯಾಪಾರ ಮಾಡುವವನಿಗೆ ಮಾತು ಈಗಾಗಲೇ ಸಾಕಷ್ಟು ಉಂಟು, ನಾನು ಕ್ಯೂ ನಿಲ್ಲಲಿಲ್ಲ. ಕೋಟೆಯ ಸುತ್ತ ಇರುವ ತೋಟ ಮಾತ್ರ ಚಂದ.

ಇನ್ನು ರೈಲಿನ ದಾರಿ. ನನ್ನ ಲೆಕ್ಕದಲ್ಲಿ ದುಡ್ಡಿಗೆ ತಕ್ಕ ಸುತ್ತಾಟ ಅಂದರೆ ಇದೇ. ಕಾರ್ಕ್‌ನ ಕೆಂಟ್ ಸ್ಟೇಷನ್‌ನಿಂದ ಕೋವ್ ಊರಿಗೆ ಲೋಕಲ್ ರೈಲು ಹೋಗುತ್ತದೆ, ಸುಮಾರು 25 ನಿಮಿಷ. ಬೋರ್ಡಿನಲ್ಲಿ ಸಿ, ಒ, ಬಿ, ಎಚ್ ಎಂದು ಇರುತ್ತದೆ, ಓದುವುದು ಕೋವ್ ಎಂದು. ಕೆಲವು ಕಡೆ ಹಳಿಯ ಪಕ್ಕದಲ್ಲೇ ಸಮುದ್ರದ ಹಿನ್ನೀರು, ನಮ್ಮ ಕುಂಬಳೆ ಹೊಳೆ ದಾಟುವಾಗ ಕಿಟಕಿ ಕಡೆ ಕೂತ ಹಾಗೆ. ಲೀಪ್ ಕಾರ್ಡ್ ಎಂಬ ರೀಚಾರ್ಜ್ ಕಾರ್ಡ್ ಮಾಡಿಸಿಕೊಳ್ಳಿ. ಈ ರೈಲಿಗೂ ಸಿಟಿ ಬಸ್ಸಿಗೂ ಅದೇ ನಡೆಯುತ್ತದೆ, ಟಿಕೆಟ್ ದರವೂ ಕಡಿಮೆ ಬೀಳುತ್ತದೆ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಟಿಕೆಟ್ಟೇ ಇಲ್ಲ.

ದಾರಿಯ ನಡುವೆ ಫೋಟಾ ಎಂಬ ಸ್ಟೇಷನ್. ಇಳಿದರೆ ಪಕ್ಕದಲ್ಲೇ ಫೋಟಾ ವೈಲ್ಡ್‌ಲೈಫ್ ಪಾರ್ಕ್, ಶುರುವಾದದ್ದು 1983ರಲ್ಲಿ. ನಮ್ಮ ಪಿಲಿಕುಳದ ಹಾಗೆ ಪ್ರಾಣಿಗಳಿಗೆ ವಿಶಾಲ ಜಾಗ. ಉದ್ದ ಬಾಲದ ಲೀಮರ್‌ಗಳು, ಚಿಕ್ಕ ಜಾತಿಯ ಕಾಂಗರೂಗಳು ಬೇಲಿಯೇ ಇಲ್ಲದೆ ನಮ್ಮ ಕಾಲಬುಡದಲ್ಲೇ ತಿರುಗುತ್ತವೆ. ಜಿರಾಫೆ, ಚೀತಾ ಉಂಟು. ನಮ್ಮ ದೇಶದ ಘೇಂಡಾಮೃಗವನ್ನು ಅಷ್ಟು ದೂರ ಹೋಗಿ ನೋಡಿದೆವು. ಇದು ಅಗ್ಗದ ಜಾಗ ಅಲ್ಲ, ಐದು ಜನರ ಟಿಕೆಟ್ ಕೊಳ್ಳುವಾಗ ಕೈ ಸ್ವಲ್ಪ ನಡುಗುತ್ತದೆ. ಆದರೆ ಊಟ ಕಟ್ಟಿಕೊಂಡು ಹೋಗಬಹುದು, ಕೂತು ತಿನ್ನಲು ಮೇಜುಗಳಿವೆ. ತಂಗಿ ಪತ್ತಿರ್ ಮತ್ತು ಕೋಳಿ ಸುಕ್ಕ ಡಬ್ಬಿಯಲ್ಲಿ ತುಂಬಿದಳು, ಒಂದು ಹೊತ್ತಿನ ಹೋಟೆಲ್ ಬಿಲ್ಲು ಅಲ್ಲೇ ಉಳಿಯಿತು. ಫೋಟಾ ಮತ್ತು ಕೋವ್ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ. ಚಿಕ್ಕ ಮಕ್ಕಳು ಮಧ್ಯಾಹ್ನದ ಮೇಲೆ ಅಳುವುದಕ್ಕೆ ಶುರು ಮಾಡುತ್ತಾರೆ, ಮತ್ತೆ ದೊಡ್ಡವರ ಜಗಳ.

ಕೋವ್‌ಗೆ ಬೇರೆಯೇ ಒಂದು ದಿನ ಇಡಿ. 1849ರಿಂದ 1920ರವರೆಗೆ ಈ ಊರಿನ ಹೆಸರು ಕ್ವೀನ್ಸ್‌ಟೌನ್. ಟೈಟಾನಿಕ್ ಹಡಗು ಕೊನೆಯದಾಗಿ ನಿಂತದ್ದು ಇಲ್ಲಿ, 1912ರ ಏಪ್ರಿಲ್ 11ರಂದು. 123 ಜನ ಇಲ್ಲಿಂದ ಹತ್ತಿದರು. ನನಗೆ ಟೈಟಾನಿಕ್‌ಗಿಂತ ದೊಡ್ಡದು ಅನಿಸಿದ್ದು ಇನ್ನೊಂದು ಸಂಗತಿ. 1848ರಿಂದ 1950ರ ನಡುವೆ ಐರ್ಲೆಂಡ್ ಬಿಟ್ಟು ಹೋದ ಸುಮಾರು 60 ಲಕ್ಷ ಜನರಲ್ಲಿ 25 ಲಕ್ಷ ಜನ ಹಡಗು ಹತ್ತಿದ್ದು ಇದೇ ಬಂದರಿನಿಂದ. ಬರಗಾಲ, ಬಡತನ, ಕೆಲಸ ಇಲ್ಲ. ದಡದಲ್ಲಿ ಒಂದು ಹುಡುಗಿ ಮತ್ತು ಅವಳ ಇಬ್ಬರು ತಮ್ಮಂದಿರ ಪ್ರತಿಮೆ ಉಂಟು. ಹೆಸರು ಆ್ಯನಿ ಮೂರ್. 1892ರ ಜನವರಿ 1ರಂದು ಅಮೆರಿಕದ ಎಲ್ಲಿಸ್ ದ್ವೀಪದ ಕಚೇರಿ ತೆರೆದಾಗ ಮೊದಲು ಒಳಗೆ ಹೋದವಳು ಅವಳೇ.

ಉಮ್ಮನಿಗೆ ಇಷ್ಟನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಆ ಹುಡುಗಿಯನ್ನೇ ನೋಡಿ, "ನಿನ್ನ ಬಾಪ ಬೊಂಬಾಯಿಗೆ ಬಸ್ಸು ಹತ್ತುವಾಗಲೂ ಕೈಯಲ್ಲಿ ಇಂಥದೇ ಒಂದು ಚೀಲ" ಎಂದರು. ಬಾಪ ದುಬೈಗೆ ಹೋದ ಕತೆ ನನಗೆ ಗೊತ್ತು, ಚೀಲದ ಸಂಗತಿ ಗೊತ್ತಿರಲಿಲ್ಲ. ಆವತ್ತು ರೈಲಿನಲ್ಲಿ ವಾಪಸ್ ಬರುವಾಗ ಅವರು ಮಾತಾಡಿದಷ್ಟು ಆ ಹತ್ತು ವಾರದಲ್ಲಿ ಮಾತಾಡಿರಲಿಕ್ಕಿಲ್ಲ.

ಈಗ ಹೊಟ್ಟೆಯ ವಿಷಯ. ನಗರದಲ್ಲಿ ಹಲಾಲ್ ಮಾಂಸದ ಅಂಗಡಿಗಳು, ಕೆಬಾಬ್ ಅಂಗಡಿಗಳು ಉಂಟು. ಒಳಗೆ ಹೋಗಿ ಕೇಳಿ. ಕೋಳಿ ಮಾತ್ರವಾ, ಕುರಿ ಮತ್ತು ಬೀಫ್ ಕೂಡಾವಾ ಎಂದು ಬಿಡಿಸಿ ಕೇಳಬೇಕು. ಸಮಸ್ಯೆ ಬರುವುದು ಪೇಟೆಯ ಹೊರಗೆ, ಸಮುದ್ರದ ಕಡೆಗೆ ಹೋದಾಗ. ಅಲ್ಲಿ ನಮ್ಮವರು "ಮೀನು ತಾನೆ, ತೊಂದರೆ ಇಲ್ಲ" ಎಂದು ಕಣ್ಣು ಮುಚ್ಚಿ ಆರ್ಡರ್ ಮಾಡುತ್ತಾರೆ. ನಾನೂ ಹಾಗೇ ಮಾಡಿದೆ. ಒಂದು ಕಡೆ ಚೌಡರ್ ಎಂಬ ಮೀನಿನ ಗಟ್ಟಿ ಸೂಪು ಹೇಳಿದೆ, ಬಟ್ಟಲು ಬಂದ ಮೇಲೆ ಭಾವ ಚಮಚದಲ್ಲಿ ಕೆದಕಿ ನೋಡಿ ಹಂದಿಮಾಂಸದ ಚೂರು ತೋರಿಸಿದರು. ಹೋಟೆಲಿನವರ ತಪ್ಪಲ್ಲ, ನಾನು ಕೇಳಲಿಲ್ಲ. ಚೌಡರ್‌ಗೆ ರುಚಿಗೆಂದು ಬೇಕನ್ ಹಾಕುವುದು ಅಲ್ಲಿ ಮಾಮೂಲು, ಕೆಲವರು ವೈನ್ ಕೂಡ ಹಾಕುತ್ತಾರೆ. ಚಿಪ್ಪು ಮರುವಾಯಿಯಂಥ ಮಸಲ್ಸ್ ಬೇಯಿಸುವುದೂ ಹೆಚ್ಚಾಗಿ ವೈನಿನಲ್ಲೇ. ಕರಿದ ಮೀನಿನ ಹಿಟ್ಟನ್ನು ಕೆಲವು ಕಡೆ ಬಿಯರ್‌ನಲ್ಲಿ ಕಲಸುತ್ತಾರೆ. ಚಿಪ್ಸ್ ಬರೀ ಬಟಾಟೆ ಎಂದುಕೊಳ್ಳಬೇಡಿ, ಹಳೆ ಶೈಲಿಯ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದುಂಟು. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರು: ಎಣ್ಣೆ ಯಾವುದು, ಹಿಟ್ಟಿಗೆ ಬಿಯರ್ ಉಂಟಾ, ಬೇಕನ್ ಅಥವಾ ವೈನ್ ಉಂಟಾ. ಕೇಳಲು ನಾಚಿಕೆ ಬೇಡ. ಯಾವುದಕ್ಕೆ ಅಲರ್ಜಿ ಎಂದು ಗಿರಾಕಿಗಳು ದಿನಾ ಕೇಳುವ ಊರು ಅದು, ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ಉತ್ತರ ಹೇಳುತ್ತಾರೆ.

ಧೈರ್ಯವಾಗಿ ತಿನ್ನುವಂಥದ್ದೂ ಬೇಕಾದಷ್ಟು ಉಂಟು. ಸೋಡಾ ಬ್ರೆಡ್, ಅದರ ಮೇಲೆ ಬೆಣ್ಣೆ. ಬೆಣ್ಣೆ ಅಂದರೆ ಸಾಮಾನ್ಯದ್ದಲ್ಲ, 19ನೇ ಶತಮಾನದಲ್ಲಿ ಜಗತ್ತಿನ ಅತಿ ದೊಡ್ಡ ಬೆಣ್ಣೆ ಮಾರುಕಟ್ಟೆ ಇದ್ದದ್ದು ಇದೇ ಕಾರ್ಕ್‌ನಲ್ಲಿ. ಸ್ಕೋನ್, ಜಾಮ್, ಮೊಟ್ಟೆ, ಹುರಿದ ಮೀನು. ಹೋಟೆಲಿನಲ್ಲಿ ನೀರಿನ ಬಾಟಲಿ ಕೊಳ್ಳಬೇಡಿ, ಟ್ಯಾಪ್ ವಾಟರ್ ಎಂದು ಕೇಳಿದರೆ ಜಗ್ಗಿನಲ್ಲಿ ತಂದಿಡುತ್ತಾರೆ. ಸಂಜೆ ಬೇಗ ಹೋದವರಿಗೆ ಅರ್ಲಿ ಬರ್ಡ್ ಎಂದು ಕಡಿಮೆ ದರದ ಊಟ ಹಲವು ಕಡೆ ಸಿಗುತ್ತದೆ. ಕೆಫೆಗಳು ಮಾತ್ರ ಸಂಜೆಯಾಗುವ ಮೊದಲೇ ಬಾಗಿಲು ಹಾಕುತ್ತವೆ, ನಮ್ಮ ಹಾಗೆ ಆರು ಗಂಟೆಗೆ ಚಾ ಕುಡಿಯಲು ಹೊರಟರೆ ಚಾ ಇಲ್ಲ.

ಉಮ್ಮನಿಗೆ ಅತ್ಯಂತ ಇಷ್ಟವಾದದ್ದು ಪೇಟೆಯ ನಡುವಿನ ಇಂಗ್ಲಿಷ್ ಮಾರ್ಕೆಟ್. 1788ರಿಂದ ನಡೆಯುತ್ತಿರುವ ಮುಚ್ಚುಮಾಡಿನ ಸಂತೆ, 2011ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಬಂದು ಮೀನಿನವರ ಜೊತೆ ನಗಾಡಿ ಹೋದ ಜಾಗ. ಮಾಂಸದ ಅಂಗಡಿಯಲ್ಲಿ ಟ್ರೈಪ್ ಎಂದು ನೇತುಹಾಕಿದ್ದನ್ನು ನೋಡಿ ಉಮ್ಮ, "ಇದು ನಮ್ಮ ಬೋಟಿ ಅಲ್ವಾ?" ಎಂದರು. ಹೌದು, ಬೋಟಿಯೇ. ಕಾರ್ಕ್‌ನವರು ಅದನ್ನು ಡ್ರಿಶೀನ್ ಜೊತೆ ತಿನ್ನುತ್ತಾರೆ. ಡ್ರಿಶೀನ್ ಅಂದರೆ ರಕ್ತದಿಂದ ಮಾಡಿದ್ದು, ನಮಗೆ ಆಗದು. ಮೇಲಿನ ಬಾಲ್ಕನಿಯಲ್ಲಿ ಫಾರ್ಮ್‌ಗೇಟ್ ಎಂಬ ಕೆಫೆ ಉಂಟು, ಕೆಳಗಿನ ಮಾರ್ಕೆಟಿನ ಸಾಮಾನಿನಲ್ಲೇ ಅಡುಗೆ. ಚಾ ಕುಡಿಯುತ್ತಾ ಕೆಳಗಿನ ವ್ಯಾಪಾರ ನೋಡುತ್ತಾ ಕೂತರೆ ನನ್ನಂಥವನಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಅಲ್ಲಿ ಮೀನಿನ ಸಾಲಿನಲ್ಲಿ ಮ್ಯಾಕೆರೆಲ್ ಇತ್ತು. ನಮ್ಮ ಬಂಗುಡೆಯ ದೂರದ ಸಂಬಂಧಿ, ಬೆನ್ನಿನ ಮೇಲೆ ಅಲೆ ಅಲೆಯಾಗಿ ಕಪ್ಪು ಪಟ್ಟೆ. ಉಮ್ಮ ಕಿವಿರು ಎತ್ತಿ ನೋಡಲು ಕೈ ಚಾಚಿದರು. ಭಾವ ಗಾಬರಿಯಾದರು, ಅಂಗಡಿಯವನು ನಗುತ್ತಾ ತಾನೇ ಎತ್ತಿ ತೋರಿಸಿದ. ಆರು ಮೀನು ತಂದೆವು. ಊರಿನಿಂದ ತಂದ ಮೆಣಸಿನ ಹುಡಿ ಹಚ್ಚಿ ಕಾಯಿಸುವಾಗ ಫ್ಲಾಟಿನ ಸ್ಮೋಕ್ ಅಲಾರಂ ಹೊಡೆದುಕೊಂಡು, ಪಕ್ಕದ ಮನೆಯ ಮುದುಕಿ ಬಂದು ಬಾಗಿಲು ತಟ್ಟಿದರು. ಅವರಿಗೂ ಒಂದು ಮೀನು ಹೋಯಿತು. ಕಿಟಕಿ ತೆರೆದೇ ಕಾಯಿಸಿ. ಭಾನುವಾರ ಆ ಮಾರ್ಕೆಟ್ ಇಲ್ಲ, ಮೀನು ಬೇಕಾದರೆ ಶನಿವಾರವೇ ಹೋಗಬೇಕು.