ನಮ್ಮ ಬೀದಿಯ ಚರಂಡಿ, ನಮ್ಮ ದುಡ್ಡು

ಮನೆಗೆ ಸುಣ್ಣ ಹೊಡೆಸಬೇಕು. ಆಗ ನಾವೇನು ಮಾಡುತ್ತೇವೆ? ಮೂರು ನಾಲ್ಕು ಮೇಸ್ತ್ರಿಗಳನ್ನು ಕೇಳುತ್ತೇವೆ. ಯಾರ ಕೆಲಸ ಚೆನ್ನ, ಯಾರ ರೇಟು ಕಡಿಮೆ ಅಂತ ನೋಡುತ್ತೇವೆ. ಆಮೇಲೆ ಒಬ್ಬರಿಗೆ ಕೆಲಸ ಒಪ್ಪಿಸುತ್ತೇವೆ.

ಸರ್ಕಾರವೂ ಹೀಗೇ ಮಾಡಬೇಕು. ರಾಜಾಜಿನಗರದ ರಸ್ತೆ, ವಿಜಯನಗರದ ಚರಂಡಿ, ಕೆಂಗೇರಿಯ ರಾಜಕಾಲುವೆ, ಇವೆಲ್ಲ ಆಗುವುದು ಯಾರ ದುಡ್ಡಿನಿಂದ? ನಮ್ಮದೇ ದುಡ್ಡಿನಿಂದ. ಮನೆ ಕಂದಾಯ ನಾವು ಕಟ್ಟುತ್ತೇವೆ. ಅಂಗಡಿಯಲ್ಲಿ ಸೋಪು ಕೊಂಡರೂ ಅದರಲ್ಲಿ ತೆರಿಗೆ ಇದೆ. ಕೆಲಸಕ್ಕೆ ಮೊದಲು ಸರ್ಕಾರ ಗುತ್ತಿಗೆದಾರರಿಂದ ದರ ಕೇಳುತ್ತದೆ. ಇದಕ್ಕೆ ಟೆಂಡರ್ ಅಂತಾರೆ.

ಮುಂಚೆ ಟೆಂಡರ್ ಕಾಗದದಲ್ಲಿತ್ತು. ಕಚೇರಿಗೆ ಹೋಗಿ ಫಾರಂ ತರಬೇಕಿತ್ತು. ದರ ಬರೆದ ಲಕೋಟೆಯನ್ನು ಪೆಟ್ಟಿಗೆಗೆ ಹಾಕಬೇಕಿತ್ತು. ಬಲ ಇದ್ದವರು ಬೇರೆಯವರನ್ನು ಬಾಗಿಲಲ್ಲೇ ತಡೆಯಬಹುದಿತ್ತು. ಯಾರು ಫಾರಂ ಒಯ್ದರು ಅಂತ ಗೊತ್ತಾಗಿಬಿಡುತ್ತಿತ್ತು. ಅವರೆಲ್ಲ ಒಂದಾಗಿ ದರ ಏರಿಸಿದರೆ ನಷ್ಟ ಯಾರಿಗೆ? ನಮಗೆ.

ಕರ್ನಾಟಕದಲ್ಲಿ 1999ರ ಒಂದು ಕಾಯ್ದೆ ಇದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅಂತ ಅದರ ಹೆಸರು. ಪಾರದರ್ಶಕ ಎಂದರೆ ಗಾಜಿನ ಹಾಗೆ. ಒಳಗಿರುವುದು ಹೊರಗೆ ಕಾಣಬೇಕು.

2007ರಲ್ಲಿ ಇ-ಟೆಂಡರ್ ಬಂತು. ಅಂದರೆ ಕಂಪ್ಯೂಟರ್ ಮೂಲಕ ಟೆಂಡರ್. ಗುತ್ತಿಗೆದಾರರು ಕೂತಲ್ಲಿಂದಲೇ ದರ ಹಾಕುತ್ತಾರೆ. ಹೊತ್ತು ಮೀರಿದರೆ ಹಾಕಲು ಆಗುವುದಿಲ್ಲ. ತೆರೆಯುವ ತನಕ ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಬಾಗಿಲಲ್ಲಿ ತಡೆಯುವವರೂ ಇಲ್ಲ.

ಇಷ್ಟಾದರೆ ಸಾಕೇ? ಸಾಲದು. ಕಂಪ್ಯೂಟರ್ ಸಿಮೆಂಟು ಕಲಸುವುದಿಲ್ಲ. ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಂಡರೆ ಅದಕ್ಕೆ ತಿಳಿಯುವುದಿಲ್ಲ. ಕೆಲವು ಕೆಲಸಗಳಿಗೆ ಟೆಂಡರ್ ಬೇಡ ಅಂತ ವಿನಾಯಿತಿಯೂ ಇದೆ. ಚರಂಡಿ ಕಳಪೆಯಾದರೆ ಮಳೆನೀರು ನುಗ್ಗುವುದು ನಮ್ಮ ಅಡುಗೆಮನೆಗೇ.

ಅದಕ್ಕೇ ನಾವು ನೋಡಬೇಕು, ಕೇಳಬೇಕು. ಕೆಲಸದ ಜಾಗದಲ್ಲಿ ಬೋರ್ಡು ಇದ್ದರೆ ನಿಂತು ಓದೋಣ. ಎಷ್ಟು ದುಡ್ಡು? ಗುತ್ತಿಗೆದಾರರು ಯಾರು? ಕೆಲಸ ಯಾವಾಗ ಮುಗಿಯಬೇಕು? ಬೋರ್ಡು ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಅರ್ಜಿ ಯಾರಿಗೆ? 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರದ ನಾವು ಪಶ್ಚಿಮ ನಗರ ಪಾಲಿಕೆಗೆ ಬರೆಯಬೇಕು.

ಸಹಿ ಹಾಕಲು ಕಲಿತಿದ್ದೇವೆ. ಬನ್ನಿ, ಲೆಕ್ಕ ಕೇಳಲೂ ಕಲಿಯೋಣ.